ಠಸ್ಸೆ ಬೀಳದ ಕೆಳಮುಚ್ಚಳ

ಮೊಮ್ಮಗಳ ಫೋನ್ ಬಂದಾಗ ನಾನು ರಾಯಚೂರಿನ ನಮ್ಮ ಅಂಗಡಿಯ ಮುಂದೆ ಕೂತು ಕೂಲರ್ ತಗಡು ಕತ್ತರಿಸುತ್ತಿದ್ದೆ. ಬೇಸಿಗೆ. ಕೂಲರ್ ಮಾಡುವವರಿಗೆ ಉಣ್ಣಲೂ ಬಿಡುವಿರದ ಕಾಲ.

"ಅಜ್ಜೀ, ನಾ ನಿನ್ನ ತವರೂರಾಗ ಅದೀನಿ" ಎಂದಳು.

"ಗಬ್ಬೂರಾಗ ನಿನಗೇನ್ ಕೆಲಸ?"

"ವಿಮಾನ ಇಳಿಸೀವಿ. ಊರ ಹೊರಗ, ಹತ್ತಿ ಹೊಲದಾಗ. ಯಾರಿಗೂ ಏನೂ ಆಗಿಲ್ಲ. ನೀ ಒದರಬ್ಯಾಡ."

ನಾನು ಒದರಿದೆ. ಪಕ್ಕದ ಅಂಗಡಿಯವರು ಎದ್ದು ಬಂದರು.

ಅವಳು ಹೈದರಾಬಾದಿನಲ್ಲಿ ವಿಮಾನ ರಿಪೇರಿಯ ಓದು ಓದಿದವಳು. ಪೋತ್ನಾಳದ ಹತ್ತಿರ ಅಕ್ಕಿ ಗಿರಣಿ ಇಟ್ಟಿರುವ ಸಾಹುಕಾರರೊಬ್ಬರು ಇಬ್ಬರು ಕೂಡುವ ಹಳೆಯ ಸಣ್ಣ ವಿಮಾನ ಕೊಂಡು, ಗಿರಣಿಯ ಹಿಂದೆ ಮೊರಂ ಮಣ್ಣು ಹಾಕಿ ಓಟದ ದಾರಿ ಮಾಡಿಕೊಂಡಿದ್ದರು. ಅದನ್ನು ನೋಡಿಕೊಳ್ಳುವ ಕೆಲಸ ಇವಳದು. ತನ್ನ ಕೆಲಸವೆಲ್ಲ ನೆಲದ ಮೇಲೆಯೇ ಎಂದು ನನಗೆ ಹೇಳಿದ್ದಳು. ಪೈಲಟ್ ಪಕ್ಕ ಕೂತು ಇಂಜಿನ್ನಿನ ಬಿಸಿ ತೋರಿಸುವ ಮುಳ್ಳು ನೋಡುತ್ತ ತಾನೂ ಹಾರುತ್ತಾಳೆ ಎಂಬುದು ನನಗೆ ಗೊತ್ತಾದದ್ದು ಅವತ್ತೇ. ಮುಳ್ಳು ಕೆಂಪು ಗೆರೆ ದಾಟಿತ್ತು. ಇಂಜಿನ್ ಸತ್ತರೆ ಕಷ್ಟ ಎಂದು ಪೈಲಟ್ ಕಂಡ ಹೊಲಕ್ಕೆ ಇಳಿಸಿದ್ದರು.

"ಹತ್ತಿ ಕಟಗಿ ಕಿತ್ತಿದ್ರು, ಅದಕ್ಕ ಚಲೋ ಆತು" ಎಂದಳು, ಸಂತೆಯಲ್ಲಿ ಬದನೆಕಾಯಿ ಅಗ್ಗವಾಗಿತ್ತು ಎನ್ನುವ ಹಾಗೆ.

ಆ ಕೆಲಸ ಬಿಡು ಎಂದೆ. ಬಿಡಲಿಲ್ಲ. ನಮ್ಮ ಮನೆತನದಲ್ಲಿ ಯಾರೂ ಹೇಳಿದ ಮಾತು ಕೇಳಿದವರಲ್ಲ, ಇವಳೊಬ್ಬಳು ಹೇಗೆ ಕೇಳಿಯಾಳು.

ಮಳೆಗಾಲ ಮುಗಿಯುವ ಹೊತ್ತಿಗೆ ಸಾಹುಕಾರರು ಅವಳನ್ನು ಕರೆದುಕೊಂಡು ನನ್ನ ಅಂಗಡಿಗೇ ಬಂದರು. ಕೂಡಲು ಸ್ಟೂಲು ಕೊಟ್ಟೆ. ಕೂಡಲಿಲ್ಲ, ಬಿಳಿ ಬಟ್ಟೆ.

"ಯವ್ವಾ, ನಿಮ್ಮ ಕೈ ಬಾಳ ಚಲೋ ಅಂತ ನಿಮ್ಮ ಮೊಮ್ಮಗಳು ಹೇಳಿದ್ಲು."

"ಆಕಿ ಹಂಗ ಹೇಳಾಕಿ ಅಲ್ಲ. ನೀವಽ ಹುಟ್ಟಿಸಿ ಹೇಳಾಕತ್ತೀರಿ. ಏನ್ ಬೇಕಾಗಿತ್ತು ಹೇಳ್ರಿ."

ಅವರಿಗೆ ಎರಡು ಬೇಕಾಗಿದ್ದವು. ಇಂಜಿನ್ ತಣ್ಣಗಿರಬೇಕು, ವಿಮಾನದ ವೇಗ ಹೆಚ್ಚಬೇಕು. ಅವರ ಗೆಳೆಯನೊಬ್ಬ ಕೆಳಗೆ ರಸ್ತೆಯ ಮೇಲೆ ಕಾರು ಓಡಿಸಿಕೊಂಡು ಈ ವಿಮಾನವನ್ನು ಹಿಂದೆ ಹಾಕಿದ್ದನಂತೆ. ಕಂಡಕಂಡವರ ಮುಂದೆ ಹೇಳಿ ನಗುತ್ತಾನಂತೆ. ನನ್ನ ಮೊಮ್ಮಗಳು ಹತ್ತಿ ಹೊಲಕ್ಕೆ ಇಳಿದದ್ದಕ್ಕಿಂತ ಆ ನಗು ಅವರಿಗೆ ಹೆಚ್ಚು ನಾಟಿತ್ತು. ನನ್ನ ಸಿಟ್ಟು ಶುರುವಾದದ್ದು ಅಲ್ಲಿಂದ.

"ಎರಡರಾಗ ಒಂದು ಕೇಳ್ರಿ" ಎಂದೆ.

"ಎರಡೂ ಒಂದಽ ಬೇ ಅಜ್ಜೀ" ಎಂದಳು ಮೊಮ್ಮಗಳು. "ಈಗ ಮುಂದಿನ ಬಾಯಿ ದೊಡ್ಡದದ, ಗಾಳಿ ರಗಡ ಬರ್ತದ. ಆದ್ರ ಇಂಜಿನ್ ಮುಟ್ಟದಽ ಸುತ್ತ ಹಾದು ಹೋಗ್ತದ. ಬಾಯಿ ಸಣ್ಣದ ಮಾಡಿ, ಬಂದ ಗಾಳಿ ಎಲ್ಲಾ ಇಂಜಿನ್ ಮೈಯಾಗ ಹಾಯಿಸಿ, ತಕರಾರಿಲ್ಲದ ಹೊರಗ ಬಿಟ್ರ ತಂಪೂ ಆಗ್ತದ, ವೇಗನೂ ಬರ್ತದ."

ಕಂಪನಿಯ ಸಾಮಾನು ಬರಲು ಬಹಳ ತಡವಾಗುತ್ತದೆ, ಅಷ್ಟು ಕಾಯಲಾರೆ ಎಂದರು ಸಾಹುಕಾರರು. ನಕ್ಷೆ ಮೊಮ್ಮಗಳು ಬರೆಯುವುದು, ಒಪ್ಪಿಗೆ ಕೊಡಬೇಕಾದವರಿಂದ ಒಪ್ಪಿಗೆ ತರಿಸುವುದು, ತಗಡು ನಾನು ಮಾಡುವುದು. ಒಲ್ಲೆ ಎನ್ನಬಹುದಿತ್ತು. ಅವಳು ಕೂಡುವ ಗಾಡಿಗೆ ಇನ್ನಾರೋ ತಗಡು ಬಡಿಯುವುದು ನನಗೆ ಬೇಡವಾಗಿತ್ತು, ಹೂಂ ಎಂದೆ.

ಹೂಂ ಎನ್ನುವ ಮುಂಚೆ ನಮ್ಮ ತಗಡಿನಂಗಡಿ ಸಾಲಿನ ಕಟ್ಟಳೆ ಹೇಳಿದೆ. ಇದು ನನ್ನ ಗಂಡನಿಗೆ ಅವನ ಉಸ್ತಾದರು ಕಲಿಸಿದ್ದು, ಅವನು ನನಗೆ ಕಲಿಸಿದ್ದು. ಕೂಲರ್ ಮಾಡಿ ಗಿರಾಕಿ ಮನೆಗೆ ಒಯ್ದು ನಡು ಮಧ್ಯಾಹ್ನದ ಬಿಸಿಲಲ್ಲಿ ಓಡಿಸಬೇಕು. ಮನೆಮಂದಿ ಎದುರಿಗೆ ಕೂತು, ತಂಪಾಯಿತು ಎಂದ ಮೇಲೆ ಕೆಳಗಿನ ಮೂಲೆಯಲ್ಲಿ ನಮ್ಮ ಗುರುತಿನ ಠಸ್ಸೆ ಇಟ್ಟು ಸುತ್ತಿಗೆಯಿಂದ ಹೊಡೆಯುತ್ತೇವೆ. ಠಸ್ಸೆ ಬಿದ್ದ ಮೇಲೆ ಸಾಮಾನು ಗಿರಾಕಿಯದು. ಬೀಳುವ ತನಕ ನಮ್ಮದು, ಯಾವಾಗ ಬೇಕಾದರೂ ಎತ್ತಿಕೊಂಡು ಬರುತ್ತೇವೆ, ಯಾರೂ ಯಾಕೆ ಅನ್ನುವಂತಿಲ್ಲ.

"ಇದು ಕೂಲರ್ ಅಲ್ಲ ಯವ್ವಾ" ಎಂದು ಸಾಹುಕಾರರು ನಕ್ಕರು.

"ತಗಡು ಹೌದೋ ಅಲ್ಲೋ?"

"ತಗಡು ಹೌದು."

"ಹಂಗಾದ್ರ ಕಟ್ಟಳಿನೂ ಹೌದು. ಹೂಂ ಅನ್ರಿ."

ಹೂಂ ಎಂದರು. ಸಾಲಿನ ಅಂಗಡಿಯವರೆಲ್ಲ ಕೇಳಿಸಿಕೊಂಡರು.

ದೀಪಾವಳಿ ಆದ ಮೇಲೆ ಸಾಮಾನು ಕಟ್ಟಿಕೊಂಡು ಪೋತ್ನಾಳಕ್ಕೆ ಹೋದೆ. ಗಿರಣಿಯ ಹಳೆಯ ಗೋದಾಮಿನಲ್ಲಿ ವಿಮಾನ ನಿಂತಿತ್ತು. ಮೇಲೆಲ್ಲ ತೌಡಿನ ಧೂಳು. ಮೊದಲು ಅದನ್ನೇ ಒರೆಸಿಸಿದೆ. ಇಂಜಿನ್ ಮೂತಿಯಲ್ಲಿ, ನಾಲ್ಕು ಸಿಲಿಂಡರು, ಆ ಕಡೆ ಎರಡು ಈ ಕಡೆ ಎರಡು. ಒಂದೊಂದರ ಮೈಮೇಲೂ ಬಾಚಣಿಗೆ ಹಲ್ಲಿನಂಥ ಪದರು. ಆ ಹಲ್ಲುಗಳ ಸಂದಿಯಲ್ಲಿ ಗಾಳಿ ಹಾಯ್ದರೆ ಮಾತ್ರ ಅದು ತಣ್ಣಗಾಗುವುದು, ನೀರಿಲ್ಲ ಏನಿಲ್ಲ.

ಮೊದಲ ಕೆಲಸ ಇಂಜಿನ್ ಸುತ್ತ ಗಾಳಿಗೋಡೆ ಕಟ್ಟುವುದು. ಮುಂದಿನಿಂದ ಬಂದ ಗಾಳಿ ಇಂಜಿನ್ನಿನ ತಲೆಯ ಮೇಲೆ ತುಂಬಬೇಕು, ಬೇರೆಲ್ಲೂ ದಾರಿ ಸಿಗದೆ ಹಲ್ಲುಗಳ ಸಂದಿಯಿಂದ ಕೆಳಗೆ ಇಳಿಯಬೇಕು, ಕೆಳಗಿನಿಂದ ಹಿಂದಕ್ಕೆ ಹೊರಗೆ ಹೋಗಬೇಕು. ರಟ್ಟು ಕತ್ತರಿಸಿ ಇಟ್ಟು ನೋಡಿ, ಸರಿಬಂದ ರಟ್ಟನ್ನು ತಗಡಿನ ಮೇಲಿಟ್ಟು ಗೀರಿ, ಕತ್ತರಿಸಿ ಬಾಗಿಸಿದೆವು. ಮೇಲಂಚಿಗೆ ರಬ್ಬರ್ ಪಟ್ಟಿ, ಇಂಜಿನ್ ಮೇಲೆ ಕೂಡುವ ಮುಚ್ಚಳಕ್ಕೂ ಗೋಡೆಗೂ ಸಂದಿ ಉಳಿಯಬಾರದು ಎಂದು. ಬೆರಳು ತೂರುವಷ್ಟು ಸಂದಿ ಸಿಕ್ಕರೂ ಮೊಮ್ಮಗಳು ಬಿಚ್ಚಿಸಿದಳು. ಬಿಚ್ಚಿದ್ದು ಎಷ್ಟು ಸಲವೋ, ನನ್ನ ಉಗುರು ಹೋದವು.

ಮೊದಲ ಪೆಟ್ಟು ಬೇಗ ಬಿತ್ತು. ಕೂಲರ್ ತಗಡಿನ ಅಂಚನ್ನು ನಾವು ಮಡಿಚಿ ಚಪ್ಪಟೆ ಬಡಿಯುತ್ತೇವೆ, ಯಾರ ಕೈಯೂ ಕೊಯ್ಯದಿರಲಿ ಎಂದು. ಇದಕ್ಕೂ ಹಾಗೇ ಬಡಿದೆ. ಇದು ಅಲ್ಯೂಮಿನಿಯಂ, ಅದರಲ್ಲೂ ಗಟ್ಟಿ ಜಾತಿಯದು. ನೆಲದ ಮೇಲೆ ಇಂಜಿನ್ ಓಡಿಸಿದ ಎರಡೇ ದಿನಕ್ಕೆ ಮಡಿಕೆ ಉದ್ದಕ್ಕೂ ಸೀಳಿತು, ನಡುಕಕ್ಕೆ ತುಂಡೊಂದು ಹಾರಿಹೋಗಿ ಎಣ್ಣೆ ಪೈಪಿನ ಪಕ್ಕದಲ್ಲೇ ಸಿಕ್ಕಿತು. ಗೋಡೆಗಳನ್ನು ಪೂರಾ ಹೊಸದಾಗಿ ಮಾಡಿದೆ. ಈ ಸಲ ಮಡಿಚಲಿಲ್ಲ, ಪೈಪಿನ ಮೇಲೆ ಇಟ್ಟು ದುಂಡಗೆ ಬಾಗಿಸಿ, ಅಂಚನ್ನು ಅರದಿಂದ ನುಣ್ಣಗೆ ಉಜ್ಜಿದೆ. ಹಾರಿದ ತುಂಡನ್ನು ಸಾಹುಕಾರರಿಗೆ ತೋರಿಸಿದೆ. "ಬೇಗ ಬೇಗ ಮಾಡ್ರೆವ್ವಾ" ಎಂದರು. ಅಷ್ಟೇ ಮಾತು.

ರೆಕ್ಕೆಗೆ ಆಸರೆ ಕೊಟ್ಟ ದುಂಡು ಕೊಳವೆಗಳಿಗೆ ಮೀನಿನ ಮೈಯಂತೆ ಮುಂದೆ ದಪ್ಪ ಹಿಂದೆ ತೆಳು ಹೊದಿಕೆ ಮಾಡಿದೆವು. ಚಕ್ರಗಳಿಗೆ ಟೋಪಿ ಮಾಡಿದೆವು. ಮೂತಿಯ ದೊಡ್ಡ ಬಾಯಿ ಮುಚ್ಚಿ ಅಂಗೈಯಗಲದ ಎರಡು ಬಾಯಿ ಬಿಟ್ಟೆವು. ಕೊನೆಗೆ ಕೆಳಮುಚ್ಚಳ, ಅಂದರೆ ಇಂಜಿನ್ನಿನ ಹೊಟ್ಟೆಯ ಕೆಳಗೆ ಕೂಡುವ ತಗಡು. ಅದರಲ್ಲಿ ಬಿಸಿಗಾಳಿ ಹೊರಗೆ ಹೋಗಲು ಸಾಲು ಸೀಳುಗಳು. ನಕ್ಷೆಯಲ್ಲಿ ಸೀಳು ಎಲ್ಲೆಲ್ಲಿ ಎಂದು ಇತ್ತು. ಬಾಯಿ ಯಾವ ಕಡೆಗೆ ಎಂದು ನಾನು ಕೇಳಲಿಲ್ಲ, ಅವಳು ಹೇಳಲಿಲ್ಲ. ಸೀಳು ಹೊಡೆಯುವುದು ಅಜ್ಜಿಗೆ ಗೊತ್ತು ಎಂದು ಅವಳು, ಸೀಳು ಅಂದರೆ ಸೀಳು ಎಂದು ನಾನು. ಕಟ್ಟಿಗೆಯ ಅಚ್ಚಿನ ಮೇಲಿಟ್ಟು ಒಂದೊಂದನ್ನೂ ಒಂದೇ ಎತ್ತರಕ್ಕೆ ಎಬ್ಬಿಸಿದೆ. ಗಿರಣಿಯ ಹಮಾಲರು ಬಂದು ನೋಡಿ ಹೋದರು. ನನ್ನ ಕಣ್ಣಿಗೂ ಚಂದ ಕಂಡಿತು.

ಹಾರಿಸಿದರು. ಪೈಲಟ್ ನಿವೃತ್ತರು, ಮಾನ್ವಿಯವರು, ಮಾತು ಕಡಿಮೆ. ಪಕ್ಕದಲ್ಲಿ ಮೊಮ್ಮಗಳು. ಹಿರೇಕೊಟ್ನೆಕಲ್ ಕಡೆಗೆ ತಿರುಗಿದ್ದು ಕಂಡಿತು, ಆಮೇಲೆ ಬೇಗನೆ ವಾಪಸು ಬಂತು. ಇಳಿದವಳ ಮುಖ ನೋಡಿದರೇ ಗೊತ್ತಾಯಿತು.

"ವೇಗ ಬಂದದ" ಎಂದಳು. "ಬಿಸಿ ಮೊದಲಿಗಿಂತ ಜಾಸ್ತಿ. ಮತ್ತ ಕೆಂಪಿಗೆ ಹೋತು."

ಸಾಹುಕಾರರಿಗೆ ಮೊದಲ ಮಾತು ಮಾತ್ರ ಕೇಳಿಸಿತು. ಎರಡನೆಯದಕ್ಕೆ "ಮುಳ್ಳು ಕೆಟ್ಟಿರ್ಬೇಕು" ಎಂದರು. ಸಿಲಿಂಡರಿಗೊಂದು ಮುಳ್ಳು. ಅವಳು ಎರಡು ಸಿಲಿಂಡರಿನಿಂದ ಮುಳ್ಳಿಗೆ ಹೋಗುವ ತಂತಿ ಅದಲುಬದಲು ಮಾಡಿ ಇಂಜಿನ್ ಓಡಿಸಿದಳು. ಹೆಚ್ಚಿನ ಬಿಸಿಯೂ ಒಂದು ಮುಳ್ಳಿನಿಂದ ಇನ್ನೊಂದಕ್ಕೆ ಹೋಯಿತು. ಮುಳ್ಳು ಸುಳ್ಳು ಹೇಳುತ್ತಿರಲಿಲ್ಲ.

ಆಮೇಲೆ ಅವಳು ನನ್ನ ಚೀಲದಿಂದ ಉಣ್ಣೆ ನೂಲು ತೆಗೆದು ಗೇಣುದ್ದ ಗೇಣುದ್ದ ಕತ್ತರಿಸಿ ಮುಚ್ಚಳದ ಮೈಗೆಲ್ಲ ಟೇಪಿನಿಂದ ಅಂಟಿಸಿದಳು. ಪೈಲಟ್ ಇಂಜಿನ್ ಚಾಲು ಮಾಡಿದರು. ಮೂತಿಯ ಪಂಖದಿಂದ ದೂರ, ರೆಕ್ಕೆಯ ಹಿಂದೆ ಗೋಣಿಚೀಲ ಹಾಸಿ ಮಲಗಿ ಇಬ್ಬರೂ ಕೆಳಗಿನಿಂದ ನೋಡಿದೆವು. ಮೇಲಿನ ನೂಲೆಲ್ಲ ಹಿಂದಕ್ಕೆ ಹಾರುತ್ತಿದ್ದವು. ಸೀಳುಗಳ ಹತ್ತಿರದ ನೂಲು ಒಂದೂ ಕಾಣಲಿಲ್ಲ. ಸೀಳುಗಳು ಒಳಗೆ ನುಂಗಿಬಿಟ್ಟಿದ್ದವು.

"ಅಜ್ಜೀ, ನಿನ್ನ ಸೀಳು ಮುಂದಕ್ಕ ಬಾಯಿ ತಗದಾವ."

"ಸೀಳು ಹಂಗಽ ಇರ್ತಾವ. ಮದಿವ್ಯಾದಾಗಿಂದ ಹೊಡಿಯಾಕತ್ತೀನಿ."

"ಕೂಲರಿಗೆ ಹೌದು. ಅಲ್ಲಿ ಗಾಳಿ ಒಳಗ ಬರಬೇಕು. ಇಲ್ಲಿ ಹೊರಗ ಹೋಗಬೇಕು. ಬಸ್ಸಿನ್ಯಾಗ ಮುಂದಿನ ಬಾಗಿಲಕ್ಕ ಹತ್ತಿ ಹಿಂದಿನ ಬಾಗಿಲಕ್ಕ ಇಳೀತಾರ. ನೀ ಹಿಂದಿನ ಬಾಗಿಲಕ್ಕೂ ಹತ್ತೋರನ್ನಽ ಬಿಟ್ಟೀದಿ. ಒಳಗಿನೋರು ಎಲ್ಲಿಂದ ಇಳೀಬೇಕು?"

ಅವಳ ಮೇಲೆ ರೇಗಿದೆ. ಮೊದಲೇ ಹೇಳಲಿಕ್ಕೆ ನಿನ್ನ ಬಾಯಿಗೇನಾಗಿತ್ತು ಎಂದೆ. ಮೊದಲೇ ಕೇಳಲಿಕ್ಕೆ ನಿನ್ನ ಬಾಯಿಗೇನಾಗಿತ್ತು ಎಂದಳು. ಇಬ್ಬರದೂ ನಿಜ. ಕೈ ತನಗೆ ಗೊತ್ತಿದ್ದನ್ನು ಮಾಡಿತ್ತು. ಅಷ್ಟು ಚಂದದ ಸೀಳು, ಒಂದೂ ಕೆಲಸಕ್ಕಿಲ್ಲ.

ಹೊಸ ಕೆಳಮುಚ್ಚಳ ಮಾಡಬೇಕು, ರಾಯಚೂರಿಗೆ ಹೋಗಿ ತಗಡು ತರಬೇಕು ಎಂದು ಸಾಹುಕಾರರಿಗೆ ಹೇಳಿದೆವು. ಅವರು ಮಾರನೆಯ ದಿನ ಬರುವ ಅತಿಥಿಗಳಿಗೆ ಶಾಮಿಯಾನ ಹಾಕಿಸುತ್ತಿದ್ದರು. ಯಾರೋ ದೊಡ್ಡವರು. ಕಾರಿನ ಗೆಳೆಯನೂ ಬರುವವನಿದ್ದ.

"ನಾಳೆ ಆದ ಮ್ಯಾಲ ಮಾಡ್ರಿ" ಎಂದರು. "ನಾಳೆ ಏನದ, ಒಬ್ಬೊಬ್ಬರನ್ನ ಕೂಡಿಸಿ ಕಾಲುವಿ ತನಕ ಒಂದ್ ಸುತ್ತು. ಅಷ್ಟರಾಗ ಏನ್ ಸುಟ್ಟು ಹೋಗ್ತದ? ಮುಂಜಾನಿ ಈಕಿ ಮೊದ್ಲ ಕುಂತು ಒಂದ್ ಸುತ್ತು ನೋಡ್ಲಿ. ಆಮ್ಯಾಲ ಅವ್ರನ್ನ ಕೂಡಸೋಣು."

ನಾನು ಪೈಲಟ್ ಕಡೆ ನೋಡಿದೆ. "ಸ್ವಲ್ಪ ನಿಧಾನ ಏರಿಸಿದ್ರ ಆಗಬಹುದು ಅನಸ್ತದ" ಎಂದರು.

"ಅನಸ್ತದ ಅಂದ್ರ?"

ಅವರು ತಮ್ಮ ಬೂಟು ನೋಡಿಕೊಂಡರು.

ಮೊಮ್ಮಗಳ ಕಡೆ ನೋಡಿದೆ. ಹತ್ತಿ ಹೊಲಕ್ಕೆ ಇಳಿದವಳು ಅವಳು. ನುಂಗಿದ ನೂಲು ತೋರಿಸಿದವಳು ಅವಳು. ಇದು ಹಾರುವುದಿಲ್ಲ ಎನ್ನುವ ಹಕ್ಕೂ ಅವಳದೇ, ಅದಕ್ಕೇ ಅವಳನ್ನು ಇಟ್ಟುಕೊಂಡದ್ದು. ಅವಳು ನಟ್ಟು ತಿರುಗಿಸುವ ಪಾನಾವನ್ನು, ಒರೆಸಿದ್ದನ್ನೇ ಮತ್ತೆ ಒರೆಸುತ್ತ, "ಮುಂಜಾನಿ ನೋಡೋಣ್ರಿ" ಎಂದಳು.

ನನಗೆ ಆಗ ಬಂದ ಸಿಟ್ಟು ಸಾಹುಕಾರರ ಮೇಲಷ್ಟೇ ಅಲ್ಲ. ಆ ಪೈಲಟ್ ಮೇಲೆ, ಆ ಬೂಟಿನ ಮೇಲೆ, ಇವಳ ಮೇಲೆ, ನನ್ನ ಸೀಳುಗಳ ಮೇಲೆ. ಸಾಹುಕಾರರು ಶಾಮಿಯಾನದ ಕಡೆ ಹೋದರು. ನಾನು ಗೋದಾಮಿಗೆ ಹೋಗಿ ಸ್ಕ್ರೂ ಬಿಚ್ಚತೊಡಗಿದೆ. ಮೊಮ್ಮಗಳು ಬಾಗಿಲಲ್ಲಿ ಬಂದು ನಿಂತಳು.

"ಏನ್ ಮಾಡಾಕತ್ತೀದಿ?"

"ಠಸ್ಸಿ ಬಿದ್ದಿಲ್ಲ. ಇನ್ನಾ ನಂದದ. ಒಯ್ತೀನಿ."

"ಅಜ್ಜೀ, ಇಡು ಅದನ್ನ."

ಇಡಲಿಲ್ಲ. ಕೆಳಮುಚ್ಚಳವನ್ನು ಬಗಲಲ್ಲಿ ಇಟ್ಟುಕೊಂಡು, ಹಮಾಲರ ನಡುವೆಯೇ ಹಾದು, ಪೋತ್ನಾಳದ ರಸ್ತೆಯಲ್ಲಿ ರಾಯಚೂರು ಬಸ್ಸಿಗೆ ನಿಂತೆ. ಅದಿಲ್ಲದೆ ಇಂಜಿನ್ನಿನ ಹೊಟ್ಟೆ ಬತ್ತಲೆ. ಯಾರ ಅಪ್ಪನೂ ಹಾರಿಸಲಾರ.

"ಏನವ್ವಾ ಇದು?" ಎಂದ ಕಂಡಕ್ಟರ್.

"ವಿಮಾನ."

"ಪೂರ್ತಿ ಟಿಕೀಟೋ ಅರ್ಧ ಟಿಕೀಟೋ?"

ಬಸ್ಸೆಲ್ಲ ನಕ್ಕಿತು. ನನಗೆ ನಗು ಬರಲಿಲ್ಲ.

ಮರುದಿನ ಸಾಹುಕಾರರ ಫೋನು. ಬೈಗುಳವನ್ನು ಇಲ್ಲಿ ಬರೆಯುವುದಿಲ್ಲ, ನಾನು ತಿರುಗಿ ಬೈದದ್ದನ್ನೂ ಬರೆಯುವುದಿಲ್ಲ. ಅತಿಥಿಗಳು ಉಂಡು, ನಿಂತ ವಿಮಾನದ ಮುಂದೆ ಫೋಟೋ ತೆಗೆಸಿಕೊಂಡು ಹೋದರಂತೆ. ಕಾರಿನ ಗೆಳೆಯ ಬಗ್ಗಿ ಹೊಟ್ಟೆಯ ಕೆಳಗೆ ನೋಡಿದನಂತೆ.

ಅದರ ಮರುದಿನ ಮೊಮ್ಮಗಳು ಬಂದಳು. ನನ್ನನ್ನು ಹೊಗಳುತ್ತಾಳೆ ಎಂದುಕೊಂಡಿರಲಿಲ್ಲ. ಇಷ್ಟು ಬೈಯುತ್ತಾಳೆ ಎಂದೂ ಅಂದುಕೊಂಡಿರಲಿಲ್ಲ.

"ಹೇಳೋ ಮಾತು ನಂದಿತ್ತು. ನೀ ಬಂದು ಕಸಗೊಂಡಿ."

"ನೀ ಎಲ್ಲಿ ಹೇಳಿದಿ? ನೋಡೋಣ್ರಿ ಅಂದಿ."

"ಮುಂಜಾನಿ ಹೇಳ್ತಿದ್ದೆ. ಅವ್ರು ಶಾಂತ ಇದ್ದಾಗ, ಕೀಲಿಕೈ ನನ್ನ ಕೈಯಾಗ ಇಟ್ಕೊಂಡು."

"ಹೇಳ್ತಿದ್ದೇನೋ ಇಲ್ಲೋ ಯಾರಿಗೆ ಗೊತ್ತು?"

"ಹಾಂ, ಯಾರಿಗೂ ಗೊತ್ತಾಗಂಗಿಲ್ಲ ಈಗ. ಹಮಾಲರು ಏನಂತಾರ ಗೊತ್ತದೇನು? ಹುಡುಗಿಗೆ ವಿಮಾನ ಗೊತ್ತಿಲ್ಲ, ಮುದುಕಿ ಬಂದು ಕಾಯ್ಕೊಂಡು ಕೂಡಬೇಕು ಅಂತಾರ. ನಾಳೆ ನಾ ಹಾರಬ್ಯಾಡ್ರಿ ಅಂದ್ರ ಸಾಹುಕಾರ್ರು ಕೇಳ್ತಾರೇನು? ನಿಮ್ಮಜ್ಜಿನ್ನ ಕೇಳಿ ಬಾ ಅಂತಾರ."

ಅವಳು ಹೇಳಿದ್ದು ನಿಜ. ಅದಕ್ಕೇ ನನಗೆ ಇನ್ನೂ ಸಿಟ್ಟು ಬಂತು. ರೊಟ್ಟಿ ಹಾಕಿದೆ. ಉಂಡಳು. ಉಂಡು ಕೈ ತೊಳೆದು, ತಗಡು ತೆಗಿ ಎಂದಳು.

ಕೆಲಸದಿಂದ ಅವಳನ್ನು ತೆಗೆದಿರಲಿಲ್ಲ. ಆ ಹಳೆಯ ವಿಮಾನ ನೋಡಿಕೊಳ್ಳಲು ಪೋತ್ನಾಳಕ್ಕೆ ಬರುವವರು ಬೇರೆ ಯಾರಿದ್ದರು.

ಹೊಸ ತಗಡು ಹಾಸಿದೆವು. ಈ ಸಲ ಅವಳು ಸೀಮೆಸುಣ್ಣದಿಂದ ಒಂದು ತುದಿಗೆ 'ಮುಂದ' ಎಂದು, ಇನ್ನೊಂದು ತುದಿಗೆ 'ಹಿಂದ' ಎಂದು ದೊಡ್ಡದಾಗಿ ಬರೆದಳು. ನನಗೆ ಅಷ್ಟು ಓದಲು ಬರುತ್ತದೆ. ಪ್ರತಿ ಸೀಳಿಗೂ ಬಾಯಿ ಎತ್ತ ಎಂದು ನಾನು ಕೇಳಿದೆ, ಹಿಂದಕ್ಕ ಎಂದು ಅವಳು ಹೇಳಿದಳು. ಗೊತ್ತಿದ್ದೂ ಕೇಳಿದೆ, ಗೊತ್ತಿದ್ದೂ ಹೇಳಿದಳು. ಅಚ್ಚನ್ನು ತಿರುಗಿಸಿ ಕೂಡಿಸಿದರೆ ಕೈ ಒಪ್ಪುತ್ತಿರಲಿಲ್ಲ. ಸುತ್ತಿಗೆ ತನ್ನ ಹಳೆಯ ದಾರಿಗೇ ಹೋಗುತ್ತಿತ್ತು. ಎರಡು ಸೀಳು ಕೆಟ್ಟವು, ತಗಡು ಬದಲಿಸಿದೆವು. ಹಿಂದಿನ ತುದಿಗೆ ಕೆಳಕ್ಕೆ ಬಾಗಿದ ತುಟಿಯೊಂದನ್ನು ರಿವೆಟ್ ಹೊಡೆದು ಕೂಡಿಸಿದೆವು. ಹೊರಗಿನ ಗಾಳಿ ಅದಕ್ಕೆ ಬಡಿದು ದಾಟುವಾಗ ಅದರ ಬೆನ್ನ ಹಿಂದೆ ಸೆಳೆತ ಹುಟ್ಟಿ ಒಳಗಿನದನ್ನು ಎಳೆಯುತ್ತದೆ ಎಂದಳು.

ಪೋತ್ನಾಳದಲ್ಲಿ ಮತ್ತೆ ನೂಲು ಅಂಟಿಸಿ ನೋಡಿದೆವು. ಸೀಳಿನ ಹತ್ತಿರದ ನೂಲುಗಳು ಹಿಂದಕ್ಕೆ ಬಾಲ ಚಾಚಿದವು. ಸಾಹುಕಾರರು ನನ್ನ ಜೊತೆ ಮಾತಾಡಲಿಲ್ಲ. ನನಗೂ ಬೇಕಿರಲಿಲ್ಲ.

ಹಾರಿಸಿದರು. ದೇವದುರ್ಗದ ಕಡೆ ಹೋಗಿ ಬರುತ್ತೇವೆ ಎಂದಿದ್ದರು. ನಾನು ಹೊಟ್ಟಿನ ರಾಶಿಯ ನೆರಳಲ್ಲಿ ಕೂತೆ. ಸದ್ದು ಸಣ್ಣದಾಗಿ ಆಮೇಲೆ ನಿಂತೇ ಹೋಯಿತು. ಆ ಹೊತ್ತಿನಲ್ಲಿ ಎದುರಿಗೆ ಬಂದ ಹಮಾಲನೊಬ್ಬನನ್ನು ಸುಮ್ಮನೆ ಬೈದೆ. ಮತ್ತೆ ಸದ್ದು ಕೇಳಿಸಿತು. ಇಳಿಯಿತು.

ಮುಳ್ಳು ಕೆಂಪಿನ ಹತ್ತಿರವೂ ಹೋಗಿರಲಿಲ್ಲ. ವೇಗ ಮೊದಲಿಗಿಂತ ಇನ್ನೂ ಕೊಂಚ ಹೆಚ್ಚಿತ್ತು. ಸಾಹುಕಾರರು ಅಲ್ಲೇ ಗೆಳೆಯನಿಗೆ ಫೋನು ಹಚ್ಚಿ, "ನಾ ಹೇಳಿ ಮಾಡ್ಸೀನಿ, ಈಗ ತಗೊಂಡ್ ಬಾ ನಿನ್ನ ಕಾರು" ಎಂದರು. ನನ್ನ ಕಡೆ ತಿರುಗಿ, ಇಷ್ಟು ದಿನಕ್ಕೆ ಮೊದಲ ಸಲ, "ಹೊಡೀರಿ ಯವ್ವಾ ನಿಮ್ಮ ಠಸ್ಸಿ" ಎಂದರು. ಬರುವ ವಾರವೇ ಅತಿಥಿಗಳನ್ನು ಮತ್ತೆ ಕರೆಯುವವರಿದ್ದರು.

ಚೀಲದಿಂದ ಠಸ್ಸೆ ತೆಗೆದೆ. ಕೆಳಮುಚ್ಚಳದ ಮೂಲೆಗೆ ಇಟ್ಟೆ. ಸುತ್ತಿಗೆ ಎತ್ತಿದಾಗ ಮೊಮ್ಮಗಳು ನನ್ನ ಮಣಿಕಟ್ಟು ಹಿಡಿದಳು.

"ಬ್ಯಾಡ."

"ಯಾಕ? ತಂಪಾತಲ್ಲ."

"ಚಳಿಗಾಲ ಇದು. ಚಳಿಗಾಲದಾಗ ಓಡಿಸಿದ ಕೂಲರಿಗೆ ಠಸ್ಸಿ ಹೊಡಿತೀಯೇನು?"

ಆಮೇಲೆ ಸಾಹುಕಾರರಿಗೆ ಹೇಳಿದಳು. ಪಾನಾ ಒರೆಸುತ್ತಿರಲಿಲ್ಲ, ಅವರ ಮುಖ ನೋಡಿಯೇ ಹೇಳಿದಳು. "ಬ್ಯಾಸಿಗಿ ಬರಲಿ ರೀ. ನಡು ಬಿಸಲಾಗ ಪೈಲಟ್ ಸರ್ ಮತ್ತ ನಾನು ಹಾರಿಸಿ ನೋಡ್ತೀವಿ. ಅಲ್ಲಿ ತನಕ ಯಾರನ್ನೂ ಕೂಡಸಂಗಿಲ್ಲ."

"ಇದು ಯಾರ ವಿಮಾನ ಅಂತ ತಿಳದೀದಿ?"

"ವಿಮಾನ ನಿಮ್ದರೀ. ಕೆಳಮುಚ್ಚಳ ನಮ್ದು."

ಸಾಹುಕಾರರು ನನ್ನ ಕಡೆ ನೋಡಿದರು. ನಾನು ಅವಳ ಮಾತು ತೆಗೆದುಹಾಕುತ್ತೇನೆ ಎಂದುಕೊಂಡಿರಬೇಕು. ಪೈಲಟ್ ಈ ಸಲ ಬೂಟು ನೋಡಲಿಲ್ಲ, "ಆಕಿ ಹೇಳೋದು ಬರೋಬ್ಬರಿ ಅದರೀ" ಎಂದರು.

ನನಗೆ ಸಿಟ್ಟು ಬಂತು. ಅಷ್ಟು ಜನರ ಮುಂದೆ ಎತ್ತಿದ ನನ್ನ ಸುತ್ತಿಗೆಯನ್ನು ಯಾರೂ ಹಿಡಿದಿರಲಿಲ್ಲ, ನನ್ನ ಗಂಡ ಕೂಡ. ಕಟ್ಟಳೆ ನನ್ನದೇ. ನಾನೇ ಅವಸರಕ್ಕೆ ಬಿದ್ದಿದ್ದೆ. "ಆಕಿನ್ನಽ ಕೇಳ್ರಿ" ಎಂದು ಸಾಹುಕಾರರಿಗೆ ಹೇಳಿ, ಠಸ್ಸೆಯನ್ನು ಚೀಲಕ್ಕೆ ಹಾಕಿಕೊಂಡು ಬಸ್ಸಿಗೆ ಹೋದೆ.

ಇನ್ನೂ ಚೀಲದಲ್ಲೇ ಇದೆ. ಈಗ ಕೂಲರ್ ಗಿರಾಕಿಗಳು ಬರಲು ಶುರು ಮಾಡಿದ್ದಾರೆ. ನಿನ್ನೆ ಅಂಗಡಿಯ ಮುಂದಿಟ್ಟ ತಗಡು ಮುಟ್ಟಿದರೆ ಕೈ ಚುರ್ ಎಂದಿತು. ಅವಳಿಗೆ ಫೋನು ಮಾಡಿ ಹೇಳಿದೆ.

"ಇನ್ನಾ ಬಿಸಲು ಏರಬೇಕು" ಎಂದಳು.